ಮೂವರ ತಂಡಕ್ಕೆ ಒಬ್ಬನ ಹೆಸರು

ಜಾಝ್ ಸಂಗೀತದಲ್ಲಿ ಟ್ರಿಯೊ ಎಂದರೆ ಮೂವರ ತಂಡ. ಸಾಮಾನ್ಯವಾಗಿ ಒಬ್ಬರು ಪಿಯಾನೊ ನುಡಿಸುತ್ತಾರೆ, ಒಬ್ಬರು ಡ್ರಮ್ ಬಾರಿಸುತ್ತಾರೆ, ಇನ್ನೊಬ್ಬರು ಆಳೆತ್ತರದ ಡಬಲ್ ಬೇಸ್ ಎಂಬ ತಂತಿವಾದ್ಯವನ್ನು ಮೈಗಾನಿಸಿಕೊಂಡು ನಿಂತು ಬೆರಳಿನಿಂದ ಮೀಟುತ್ತಾರೆ. ಮೂವರೂ ಒಂದೇ ವೇದಿಕೆಯಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ಹಾಡಿಗಾಗಿ ದುಡಿಯುತ್ತಾರೆ. ಆದರೆ ಬಾಗಿಲ ಮುಂದಿನ ಫಲಕದಲ್ಲಿ ಮೂವರ ಹೆಸರು ಇರುವುದಿಲ್ಲ. ಆಸ್ಕರ್ ಪೀಟರ್ಸನ್ ಟ್ರಿಯೊ, ಬಿಲ್ ಇವಾನ್ಸ್ ಟ್ರಿಯೊ, ಅಹ್ಮದ್ ಜಮಾಲ್ ಟ್ರಿಯೊ. ಮೂವರ ತಂಡಕ್ಕೆ ಒಬ್ಬನ ಹೆಸರು. ಆ ಒಬ್ಬ ಬಹುತೇಕ ಪಿಯಾನೊ ವಾದಕನೇ ಆಗಿರುತ್ತಾನೆ.

ಹೆಸರಿನಲ್ಲೇನಿದೆ ಎಂದು ಕೇಳುವವರಿದ್ದಾರೆ. ಹೆಸರಿನಲ್ಲಿ ಕೂಲಿ ಇದೆ, ಹಕ್ಕು ಇದೆ, ಸತ್ತ ಮೇಲೆ ಉಳಿಯುವ ನೆನಪು ಇದೆ. ಬೇಸ್ ವಾದಕನಿಗೆ ಈ ಮೂರರಲ್ಲೂ ಕಡಿಮೆ ಪಾಲು ಸಿಕ್ಕಿದೆ ಎಂಬುದು ನಮ್ಮ ದೂರು. ಇದು ಸಂಗೀತದ ಸಹಜ ನಿಯಮ ಎಂದು ನಂಬಿಸಲಾಗಿದೆ. ನಮ್ಮ ಭಾಷೆಯೂ ಅದಕ್ಕೆ ಒತ್ತಾಸೆಯಾಗಿ ನಿಂತಿದೆ. ಬೇಸ್ ವಾದಕನನ್ನು ಕನ್ನಡದಲ್ಲಿ ವಿವರಿಸಲು ಹೊರಟವರ ಬಾಯಿಗೆ ಮೊದಲು ಬರುವ ಪದ ಪಕ್ಕವಾದ್ಯ, ಇಲ್ಲವೇ ಹಿಮ್ಮೇಳ. ಒಂದು ಪದ ಅವನನ್ನು ಪಕ್ಕಕ್ಕೆ ಸರಿಸುತ್ತದೆ, ಇನ್ನೊಂದು ಹಿಂದಕ್ಕೆ ತಳ್ಳುತ್ತದೆ. ಸಂಗೀತ ಕೇಳುವ ಮೊದಲೇ ತೀರ್ಪು ಬರೆದಾಗಿರುತ್ತದೆ. ಈ ತೀರ್ಪು ಸುಳ್ಳು ಎಂದು ತೋರಿಸಲು ಒಬ್ಬ ಕಲಾವಿದನ ಬದುಕು ಸಾಕು. ಅವರ ಹೆಸರು ಇಸ್ರೇಲ್ ಕ್ರಾಸ್ಬಿ.

ಕ್ರಾಸ್ಬಿ 1919ರ ಜನವರಿಯಲ್ಲಿ ಶಿಕಾಗೊದಲ್ಲಿ ಹುಟ್ಟಿದ ಕಪ್ಪು ಜನಾಂಗದ ಹುಡುಗ. ಮೊದಲು ಊದುವ ವಾದ್ಯಗಳನ್ನು ಕಲಿತವರು, ಹದಿಹರೆಯದಲ್ಲಿ ಬೇಸ್ ಕಡೆಗೆ ಹೊರಳಿದರು. 1935ರಲ್ಲಿ, ಕೇವಲ 16ನೇ ವಯಸ್ಸಿನಲ್ಲಿ, ಡ್ರಮ್ ವಾದಕ ಜೀನ್ ಕ್ರೂಪಾ ಅವರ ತಂಡದಲ್ಲಿ ನುಡಿಸಿದ ಒಂದು ಧ್ವನಿಮುದ್ರಿಕೆ ಅವರ ಹೆಸರನ್ನೇ ಹೊತ್ತು 'ಬ್ಲೂಸ್ ಆಫ್ ಇಸ್ರೇಲ್' ಎಂದು ಹೊರಬಂತು. ಮರುವರ್ಷ ಟೆಡ್ಡಿ ವಿಲ್ಸನ್ ಅವರ 'ಬ್ಲೂಸ್ ಇನ್ ಸಿ ಶಾರ್ಪ್ ಮೈನರ್' ಎಂಬ ಮುದ್ರಿಕೆಯಲ್ಲಿ ಕ್ರಾಸ್ಬಿ ಒಂದು ಪುಟ್ಟ ಸ್ವರಗುಚ್ಛವನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಉಳಿದ ವಾದಕರು ಬಂದು ಹೋಗುತ್ತಾರೆ, ಆ ಸ್ವರಗುಚ್ಛ ಮಾತ್ರ ಹಾಡನ್ನು ಹಿಡಿದು ನಿಲ್ಲಿಸುತ್ತದೆ. ಬೇಸ್ ಎಂದರೆ ಕೇವಲ ತಾಳಕ್ಕೆ ಡುಮ್ ಡುಮ್ ಎನ್ನುವ ವಾದ್ಯ ಎಂದು ತಿಳಿದಿದ್ದ ಕಾಲದಲ್ಲಿ ಒಬ್ಬ ಹುಡುಗ ಅದರಿಂದ ಹಾಡಿನ ಮೂಲಮಾತನ್ನೇ ಆಡಿಸಿದ್ದ. ಆಮೇಲೆ ಫ್ಲೆಚರ್ ಹೆಂಡರ್ಸನ್ ಅವರ ದೊಡ್ಡ ವಾದ್ಯವೃಂದ, ಅದರ ನಂತರ ಹಲವರ ತಂಡಗಳು. ಕೆಲಸ ಎಲ್ಲಿದೆಯೋ ಅಲ್ಲಿಗೆ ಹೋಗುವುದು. ಎರಡು ದಶಕ ಅವರು ಬಾಳಿದ್ದು ಹೀಗೆಯೇ.

1950ರ ದಶಕದ ನಡುಭಾಗದಲ್ಲಿ ಕ್ರಾಸ್ಬಿ ಅಹ್ಮದ್ ಜಮಾಲ್ ಅವರ ಜೊತೆಯಾದರು. ಜಮಾಲ್ ಪಿಟ್ಸ್‌ಬರ್ಗಿನವರು. ಫ್ರೆಡರಿಕ್ ರಸೆಲ್ ಜೋನ್ಸ್ ಎಂಬ ಹುಟ್ಟುಹೆಸರನ್ನು ಇಸ್ಲಾಮ್ ಸ್ವೀಕರಿಸಿದಾಗ ಬದಲಾಯಿಸಿಕೊಂಡವರು. ಡ್ರಮ್ ಬಾರಿಸಲು ನ್ಯೂ ಆರ್ಲಿಯನ್ಸ್‌ನ ವರ್ನೆಲ್ ಫೋರ್ನಿಯೇ ಬಂದರು. ಶಿಕಾಗೊ ನಗರದ ದಕ್ಷಿಣ ಭಾಗದ ಪರ್ಶಿಂಗ್ ಹೋಟೆಲಿನ ಲಾಂಜ್‌ನಲ್ಲಿ ಈ ಮೂವರದು ದಿನಗೂಲಿಯಂತಹ ನಿತ್ಯದ ದುಡಿಮೆ. 1958ರ ಜನವರಿ 16ರಂದು ಅಲ್ಲಿ ಅವರ ವಾದನವನ್ನು ಮುದ್ರಿಸಿಕೊಳ್ಳಲಾಯಿತು. 'ಬಟ್ ನಾಟ್ ಫಾರ್ ಮೀ' ಎಂಬ ಹೆಸರಿನಲ್ಲಿ ಹೊರಬಂದ ಆ ಆಲ್ಬಮ್ ಬಿಲ್‌ಬೋರ್ಡ್ ಪತ್ರಿಕೆಯ ಮಾರಾಟದ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ವಾರ ಉಳಿಯಿತು. ವಾದ್ಯಸಂಗೀತದ ಒಂದು ಜಾಝ್ ಮುದ್ರಿಕೆಗೆ ಇದು ಅಪರೂಪದ ಗೆಲುವು.

ಆ ಗೆಲುವಿನ ನಡುವಿನಲ್ಲಿರುವುದು 'ಪಾಯಿನ್ಸಿಯಾನಾ' ಎಂಬ ಎಂಟು ನಿಮಿಷದ ಹಾಡು. ಅದನ್ನು ಒಮ್ಮೆ ಕೇಳಿದವರಿಗೆ ನೆನಪಿನಲ್ಲಿ ಉಳಿಯುವುದು ಏನು? ಫೋರ್ನಿಯೇ ಅವರ ಕೈಯಿಂದ ಬಿಡದೆ ಮರುಕಳಿಸುವ ಲಯ ಮತ್ತು ಅದಕ್ಕೆ ಹೆಗಲು ಕೊಟ್ಟು ಸುತ್ತಿ ಸುತ್ತಿ ಬರುವ ಕ್ರಾಸ್ಬಿಯವರ ಬೇಸ್. ಪಿಯಾನೊ ಬರುತ್ತದೆ, ನಾಲ್ಕು ಮಾತಾಡುತ್ತದೆ, ಸುಮ್ಮನಾಗುತ್ತದೆ. ಮತ್ತೆ ಬಂದು ಒಂದು ಮಾತನ್ನು ಅರ್ಧಕ್ಕೆ ಬಿಟ್ಟು ಸರಿಯುತ್ತದೆ. ವಿಮರ್ಶಕರು ಜಮಾಲ್ ಅವರ ಈ ಮೌನದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಅಂದು ಕೆಲವರು ಇದು ಮದ್ಯದ ಬಟ್ಟಲಿನ ಜೊತೆಗೆ ಸವಿಯುವ ಹಗುರ ಸಂಗೀತ ಎಂದು ಮೂಗು ಮುರಿದರು. ಮೈಲ್ಸ್ ಡೇವಿಸ್‌ರಂತಹ ದೊಡ್ಡ ಕಲಾವಿದರು ಆ ಮೌನದಿಂದ ಪಾಠ ಕಲಿತೆವು ಎಂದರು. ಹೊಗಳಿದವರೂ ತೆಗಳಿದವರೂ ಬಹುಮಟ್ಟಿಗೆ ಪಿಯಾನೊ ಕಡೆಗೇ ನೋಡುತ್ತಿದ್ದರು. ಆ ಮೌನದ ಬಾಡಿಗೆ ಕಟ್ಟಿದವರು ಯಾರು ಎಂದು ಕೇಳಿದವರು ಕಡಿಮೆ. ಪಿಯಾನೊ ವಾದಕ ಕೈಯೆತ್ತಿದಾಗ ಹಾಡು ಕುಸಿಯಲಿಲ್ಲ. ಕ್ರಾಸ್ಬಿ ಆಗಲೂ ದುಡಿಯುತ್ತಿದ್ದರು ಎಂಬುದೇ ಅದರ ಕಾರಣ. ಒಬ್ಬನ ಮೌನವನ್ನು ಕಲೆ ಎನ್ನುವವರು, ಆ ಮೌನಕ್ಕೆ ನೆಲ ಒದಗಿಸಿದ ಇನ್ನೊಬ್ಬನ ದುಡಿಮೆಯನ್ನು ಹಿಮ್ಮೇಳ ಎನ್ನುವುದು ಯಾವ ನ್ಯಾಯ?

ಬೇಸ್ ವಾದಕ ನಿಜವಾಗಿ ಮಾಡುವ ಕೆಲಸ ಏನೆಂದು ಇಲ್ಲಿ ಹೇಳಬೇಕು. ಜಾಝ್‌ನಲ್ಲಿ ಅವನ ಮುಂದೆ ಬರೆದಿಟ್ಟ ಸ್ವರಗಳು ಹೆಚ್ಚಾಗಿ ಇರುವುದಿಲ್ಲ. ಹಾಡಿನ ಸ್ವರಮೇಳಗಳ ಚೌಕಟ್ಟು ಮಾತ್ರ ಗೊತ್ತಿರುತ್ತದೆ. ಈಗಿನ ಮೇಳ ಯಾವುದು, ಮುಂದೆ ಬರುವುದು ಯಾವುದು, ಒಂದರಿಂದ ಇನ್ನೊಂದಕ್ಕೆ ಯಾವ ಸ್ವರಗಳ ಮೆಟ್ಟಿಲಿಳಿದು ಹೋಗಬೇಕು ಎಂಬುದನ್ನು ಪ್ರತಿ ಮಾತ್ರೆಗೂ ಅವನೇ ತೀರ್ಮಾನಿಸಬೇಕು. ತಾಳ ತಪ್ಪುವಂತಿಲ್ಲ, ಶ್ರುತಿ ಜಾರುವಂತಿಲ್ಲ. ಡಬಲ್ ಬೇಸ್‌ಗೆ ಗಿಟಾರಿನಂತೆ ಸ್ವರಸ್ಥಾನ ತೋರಿಸುವ ಕಟ್ಟುಗಳಿಲ್ಲ. ಒಂದು ಮೀಟರಿಗೂ ಉದ್ದವಾದ ತಂತಿಯ ಮೇಲೆ ಬೆರಳು ಕೂದಲೆಳೆಯಷ್ಟು ಸರಿದರೂ ಅಪಸ್ವರ. ನಿಮಿಷಕ್ಕೆ 200 ಮಾತ್ರೆಗಳ ವೇಗದ ಹಾಡಿನಲ್ಲಿ ಮಾತ್ರೆಗೊಂದರಂತೆ ಮೀಟಿದರೂ ಆರು ನಿಮಿಷಕ್ಕೆ 1200 ಸ್ವರಗಳಾದವು. ಒಂದು ರಾತ್ರಿಯಲ್ಲಿ ಇಂತಹ ಎಷ್ಟೋ ಹಾಡುಗಳು. ಪಿಯಾನೊ ವಾದಕ ಒಂದು ಸ್ವರ ತಪ್ಪಿದರೆ ಅದು ಹೊಸ ಪ್ರಯೋಗವೆನಿಸಬಹುದು. ಬೇಸ್ ವಾದಕ ತಪ್ಪಿದರೆ ಮನೆಯ ತಳಪಾಯವೇ ಅಲುಗುತ್ತದೆ. ಸರಿಯಾಗಿ ನುಡಿಸಿದಾಗ ಯಾರ ಗಮನಕ್ಕೂ ಬರುವುದಿಲ್ಲ, ತಪ್ಪಿದಾಗ ಎಲ್ಲರ ಗಮನಕ್ಕೂ ಬರುತ್ತದೆ. ಅಡುಗೆ ಮಾಡುವ ಹೆಂಗಸರಿಗೆ, ರಸ್ತೆ ಗುಡಿಸುವವರಿಗೆ ಈ ಅನುಭವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಟ್ರಿಯೊ ಎಂಬ ರೂಪವನ್ನೇ ನೋಡೋಣ. ಇದು ಕೇವಲ ಸೌಂದರ್ಯಪ್ರಜ್ಞೆಯಿಂದ ಬೆಳೆದ ರೂಪವೆಂದು ರಸಿಕರು ಭಾವಿಸುತ್ತಾರೆ. ಇದರ ಹಿಂದೆ ಲೆಕ್ಕಪತ್ರವೂ ಇದೆ. ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ, ಅಮೆರಿಕದ ಸರಕಾರ ಹಾಡು ಕುಣಿತಗಳಿರುವ ಕ್ಲಬ್ಬುಗಳ ಮೇಲೆ ಶೇಕಡ 30ರ ತೆರಿಗೆ ಹೇರಿತು. ಅದೇ ವರ್ಷ ಅದು ಶೇಕಡ 20ಕ್ಕೆ ಇಳಿದರೂ ಪೂರ್ತಿ ತೊಲಗಿದ್ದು 1960ರ ದಶಕದ ಮಧ್ಯದಲ್ಲಿ. ಹಾಡುಗಾರರಿಲ್ಲದ, ಕುಣಿತವಿಲ್ಲದ, ಬರೀ ವಾದ್ಯ ಕೇಳುವ ಜಾಗಕ್ಕೆ ಆ ತೆರಿಗೆ ಇರಲಿಲ್ಲ. ಹದಿನೈದು ಹದಿನಾರು ಜನರ ವಾದ್ಯವೃಂದಕ್ಕೆ ಸಂಬಳ ಕೊಡುವ ಬದಲು ಮೂರು ನಾಲ್ಕು ಜನರನ್ನು ಕೂರಿಸುವುದು ಮಾಲೀಕರಿಗೆ ಲಾಭವಾಗಿತ್ತು. ತಂಡ ಚಿಕ್ಕದಾದಷ್ಟೂ ಉಳಿದವರ ಮೇಲೆ ಹೊರೆ ಹೆಚ್ಚು. ನ್ಯಾಟ್ ಕಿಂಗ್ ಕೋಲ್ ಅವರ ಪ್ರಸಿದ್ಧ ಟ್ರಿಯೊದಲ್ಲಿ ಪಿಯಾನೊ, ಗಿಟಾರ್, ಬೇಸ್ ಇದ್ದವು. ಡ್ರಮ್ಮೇ ಇರಲಿಲ್ಲ. ಜಮಾಲ್ ಅವರ ಮೊದಲ ಟ್ರಿಯೊ ಕೂಡ ಹಾಗೆಯೇ. ಅಲ್ಲಿ ತಾಳ ಕಾಯುವ ಹೊಣೆ ಬಹುಪಾಲು ಬಿದ್ದದ್ದು ಬೇಸ್ ವಾದಕನ ಬೆರಳುಗಳ ಮೇಲೆ. ಕೆಲಸ ಹೆಚ್ಚಾಯಿತು. ಹೆಸರು ಮಾತ್ರ ಹೆಚ್ಚಲಿಲ್ಲ.

ಕಪ್ಪು ಕಲಾವಿದರಿಗೆ ಇನ್ನೊಂದು ಗೋಡೆಯೂ ಇತ್ತು. ಕ್ರಾಸ್ಬಿಯವರ ಶಿಕಾಗೊದಲ್ಲಿ ಸಂಗೀತಗಾರರ ಕಾರ್ಮಿಕ ಸಂಘವೇ ಬಣ್ಣದ ಮೇಲೆ ಎರಡಾಗಿತ್ತು. ಬಿಳಿಯರದು 10ನೇ ನಂಬರಿನ ಶಾಖೆ, ಕಪ್ಪು ಜನರದು 1902ರಲ್ಲಿ ಶುರುವಾದ 208ನೇ ನಂಬರಿನ ಶಾಖೆ. ಎರಡೂ ಒಂದಾದದ್ದು 1966ರಲ್ಲಿ, ಕ್ರಾಸ್ಬಿ ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ. ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಮುಂದೆ ಜಾಝ್‌ನ ಮಹಾನ್ ಸಂಯೋಜಕರಲ್ಲಿ ಒಬ್ಬರೆನಿಸಿದರು. ಆದರೆ 1950ರಲ್ಲಿ ರೆಡ್ ನಾರ್ವೊ ತಮ್ಮ ಟ್ರಿಯೊಗೆ ಕರೆದಾಗ ಅವರು ಹೊಟ್ಟೆಪಾಡಿಗೆ ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದರು. ಆ ಟ್ರಿಯೊ ಹೆಸರು ಮಾಡಿತು. 1951ರಲ್ಲಿ ನ್ಯೂಯಾರ್ಕಿನ ಒಂದು ಟೆಲಿವಿಷನ್ ಕಾರ್ಯಕ್ರಮದ ಹೊತ್ತಿಗೆ ಮಿಂಗಸ್ ಅವರ ಜಾಗದಲ್ಲಿ ಬಿಳಿಯ ವಾದಕನೊಬ್ಬ ನಿಂತ. ಸ್ಥಳೀಯ ಸಂಘದ ಸದಸ್ಯತ್ವದ ನಿಯಮವೇ ಅದಕ್ಕೆ ಕಾರಣ ಎಂಬ ಸಮಜಾಯಿಷಿ ಇದೆ. ಮಿಂಗಸ್ ಅದನ್ನು ಬಣ್ಣದ ಕಾರಣಕ್ಕಾದ ಅವಮಾನ ಎಂದೇ ತಿಳಿದು ತಂಡ ಬಿಟ್ಟರು. ಕಾರಣ ಯಾವುದೇ ಇರಲಿ, ಮೂವರಲ್ಲಿ ಯಾರನ್ನು ಎಬ್ಬಿಸಿ ಕಳುಹಿಸಬಹುದು ಎಂಬ ಪ್ರಶ್ನೆ ಬಂದಾಗ ಎದ್ದು ಹೋಗಬೇಕಾದವರು ಯಾರು ಎಂಬುದನ್ನು ಗಮನಿಸಬೇಕು.

ಈಗ ಹಣದ ಮಾತಿಗೆ ಬರೋಣ. 'ಪಾಯಿನ್ಸಿಯಾನಾ' ಹಾಡಿನ ರಾಗ ಹಾಕಿದವರು ನ್ಯಾಟ್ ಸೈಮನ್, ಸಾಹಿತ್ಯ ಬರೆದವರು ಬಡ್ಡಿ ಬರ್ನಿಯರ್. ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಹಾಡಿನ ಒಡೆತನ ಅವರದು ಮತ್ತು ಪ್ರಕಾಶಕರದು. ಇದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಪರ್ಶಿಂಗ್‌ನ ಆ ರಾತ್ರಿ ಹಾಡಿಗೆ ಹೊಸ ಜೀವ ಕೊಟ್ಟ ಬೇಸ್‌ನ ಓಟ ಮತ್ತು ಡ್ರಮ್‌ನ ಲಯವನ್ನು ಕಾನೂನು ರಚನೆ ಎಂದು ಗುರುತಿಸುವುದಿಲ್ಲ. ಆ ಲಯವನ್ನು ಆಮೇಲೆ ಅದೆಷ್ಟೋ ಡ್ರಮ್ ವಾದಕರು ಕಲಿತು ನುಡಿಸಿದ್ದಾರೆ. ಅದು ಎಲ್ಲರ ಆಸ್ತಿ, ಅಂದರೆ ಮಾಡಿದವನ ಆಸ್ತಿಯಲ್ಲ. ಅಮೆರಿಕದ ಸಾಮಾನ್ಯ ರೇಡಿಯೊ ಕೇಂದ್ರಗಳು ಇಂದಿಗೂ ಹಾಡು ಬರೆದವರಿಗೆ ಮಾತ್ರ ಗೌರವಧನ ಕೊಡುತ್ತವೆ, ನುಡಿಸಿದವರಿಗೆ ಕಾಸೂ ಕೊಡುವುದಿಲ್ಲ. 1995ರ ಕಾನೂನಿನ ನಂತರ ಇಂಟರ್ನೆಟ್ ಮತ್ತು ಉಪಗ್ರಹ ರೇಡಿಯೊಗಳು ನುಡಿಸಿದವರಿಗೂ ಕೊಡಬೇಕಾಯಿತು. ಆ ಹಂಚಿಕೆ ಹೇಗಿದೆ ನೋಡಿ. ಮುದ್ರಿಕೆಯ ಒಡೆಯರಿಗೆ ಶೇಕಡ 50. ಪ್ರಮುಖ ಕಲಾವಿದರಿಗೆ ಶೇಕಡ 45. ಪ್ರಮುಖರಲ್ಲದ ವಾದಕರೆಲ್ಲರಿಗೂ ಸೇರಿ ಶೇಕಡ 2.5. ಉಳಿದ 2.5 ಪ್ರಮುಖರಲ್ಲದ ಗಾಯಕರಿಗೆ. 1972ಕ್ಕಿಂತ ಮೊದಲಿನ ಮುದ್ರಿಕೆಗಳು ಈ ವ್ಯವಸ್ಥೆಯೊಳಗೆ ಬರಲು 2018ರ ಇನ್ನೊಂದು ಕಾನೂನು ಬೇಕಾಯಿತು. ಅಷ್ಟು ಹೊತ್ತಿಗೆ ಕ್ರಾಸ್ಬಿ ಸತ್ತು 56 ವರ್ಷ.

ಯಾರು ಪ್ರಮುಖ, ಯಾರು ಅಲ್ಲ ಎಂದು ಬಹುಮಟ್ಟಿಗೆ ನಿರ್ಧರಿಸುವುದು ಹೊದಿಕೆಯ ಮೇಲಿನ ಹೆಸರು. ಹೆಸರಿನಲ್ಲೇನಿದೆ ಎಂದವರಿಗೆ ಇಲ್ಲಿ ಉತ್ತರವಿದೆ. ಹೆಸರಿದ್ದರೆ 45ರ ಸಾಲು, ಇಲ್ಲದಿದ್ದರೆ ಎರಡೂವರೆಯ ಸಾಲು.

ನೆನಪಿನ ಸಾಲಿನಲ್ಲೂ ಇದೇ ಕಥೆ. ಅಹ್ಮದ್ ಅಬ್ದುಲ್ ಮಲಿಕ್ ಎಂಬ ಬೇಸ್ ವಾದಕರಿದ್ದರು. ಅರಬ್ಬರ ಔದ್ ವಾದ್ಯವನ್ನು ಜಾಝ್‌ಗೆ ತಂದವರು. 1957ರ ನವೆಂಬರಿನಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಥೆಲೋನಿಯಸ್ ಮಂಕ್ ಅವರ ನಾಲ್ವರ ತಂಡದಲ್ಲಿ ಅವರು ನುಡಿಸಿದ ಧ್ವನಿಸುರುಳಿ ದಶಕಗಳ ಕಾಲ ಮರೆಯಾಗಿದ್ದು 2005ರಲ್ಲಿ ಪತ್ತೆಯಾಯಿತು. ಜಗತ್ತೇ ಸಂಭ್ರಮಿಸಿತು. ಆಲ್ಬಮ್ಮಿನ ಶೀರ್ಷಿಕೆಯಲ್ಲಿ ಬಂದದ್ದು ಮಂಕ್ ಮತ್ತು ಜಾನ್ ಕೋಲ್ಟ್ರೇನ್ ಅವರ ಹೆಸರು. ನಾಲ್ವರಲ್ಲಿ ಇಬ್ಬರು ಶೀರ್ಷಿಕೆಗೆ, ಬೇಸ್ ಮತ್ತು ಡ್ರಮ್ ಒಳಪುಟಕ್ಕೆ. ಅರ್ಧ ಶತಮಾನ ಕಳೆದರೂ ರೂಢಿ ಒಂದಿಂಚೂ ಕದಲಿರಲಿಲ್ಲ.

ಬೇಸ್ ವಾದಕನ ಹೆಸರು ಹೊದಿಕೆಯ ಮೇಲೆ ಬಂದದ್ದೂ ಉಂಟು. 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಬಿಲ್ ಇವಾನ್ಸ್ ಟ್ರಿಯೊದ ವಾದನ ಮುದ್ರಣವಾಯಿತು. ಬೇಸ್ ನುಡಿಸಿದವರು ಸ್ಕಾಟ್ ಲಫಾರೊ, ಡ್ರಮ್ ಪಾಲ್ ಮೋಶನ್. ಲಫಾರೊ ಅವರ ಬೇಸ್ ಪಿಯಾನೊದ ಹಿಂದೆ ನಡೆಯಲಿಲ್ಲ, ಅದರೊಡನೆ ಮಾತಿಗಿಳಿಯಿತು, ಎದುರಾಡಿತು. ಹನ್ನೊಂದು ದಿನಗಳ ನಂತರ, ಜುಲೈ 6ರಂದು, 25 ವರ್ಷದ ಲಫಾರೊ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಇವಾನ್ಸ್ ಎಷ್ಟೋ ತಿಂಗಳು ವೇದಿಕೆಯಿಂದ ದೂರ ಉಳಿದರು. ಆಮೇಲೆ ಬಂದ ಆಲ್ಬಮ್ಮಿನ ಮೇಲೆ ಲಫಾರೊ ಅವರ ಹೆಸರನ್ನು ವಿಶೇಷವಾಗಿ ಅಚ್ಚು ಹಾಕಲಾಯಿತು, ಅವರದೇ ರಚನೆಗಳನ್ನು ಮೊದಲಿಗೂ ಕೊನೆಗೂ ಇಡಲಾಯಿತು. ಇದು ಇವಾನ್ಸ್ ಅವರ ದೊಡ್ಡತನ, ಒಪ್ಪೋಣ. ಆದರೆ ಬೇಸ್ ವಾದಕ ಹೊದಿಕೆಗೆ ಬರಲು ಸಾಯಲೇಬೇಕೆ?

ಸಾಯುವುದರಲ್ಲಿ ಮಾತ್ರ ಅವರು ಹಿಂದೆ ಬಿದ್ದವರಲ್ಲ. ಡ್ಯೂಕ್ ಎಲಿಂಗ್ಟನ್ ಅವರ ಬೇಸ್ ವಾದಕ ಜಿಮ್ಮಿ ಬ್ಲಾಂಟನ್ ಕ್ಷಯರೋಗದಿಂದ 1942ರಲ್ಲಿ ತೀರಿಕೊಂಡಾಗ 23 ವರ್ಷ. ಆಸ್ಕರ್ ಪೆಟಿಫೋರ್ಡ್ 1960ರಲ್ಲಿ, 37ಕ್ಕೆ. ಡಗ್ ವಾಟ್ಕಿನ್ಸ್ 1962ರಲ್ಲಿ ರಸ್ತೆ ಅಪಘಾತದಲ್ಲಿ, 27ಕ್ಕೆ. ಮೈಲ್ಸ್ ಡೇವಿಸ್ ಅವರ 'ಸೋ ವಾಟ್' ಹಾಡಿನ ಪಲ್ಲವಿಯನ್ನು ಬೇಸ್‌ನಲ್ಲೇ ನುಡಿಸಿ ಜಗತ್ತಿಗೆ ಕೇಳಿಸಿದ ಪಾಲ್ ಚೇಂಬರ್ಸ್ 1969ರಲ್ಲಿ, 33ಕ್ಕೆ. ಈ ಎಲ್ಲ ಸಾವುಗಳಿಗೂ ದುಡಿಮೆಯೇ ಕಾರಣ ಎಂದು ನಾವು ಹೇಳುತ್ತಿಲ್ಲ. ರಾತ್ರಿಯೆಲ್ಲ ಕ್ಲಬ್ಬು, ಹಗಲೆಲ್ಲ ರಸ್ತೆ, ಕಾಯಿಲೆ ಬಿದ್ದರೆ ಕೂಲಿಯಿಲ್ಲ ಎಂಬ ಬದುಕು ಯಾರ ಆಯುಸ್ಸನ್ನೂ ಹೆಚ್ಚಿಸುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇವೆ.

ಕ್ರಾಸ್ಬಿಯವರ ಕೊನೆಯೂ ಹೀಗೆಯೇ ಬಂತು. ಜಮಾಲ್ ಶಿಕಾಗೊದಲ್ಲಿ ಅಲ್‌ಹಂಬ್ರಾ ಎಂಬ ತಮ್ಮದೇ ಉಪಾಹಾರ ಗೃಹ ತೆರೆದಿದ್ದರು. ಅಲ್ಲಿ ಮದ್ಯ ಮಾರುತ್ತಿರಲಿಲ್ಲ. ಜಾಝ್ ವಾದಕರ ಸಂಬಳ ಮದ್ಯದ ಗಲ್ಲಾಪೆಟ್ಟಿಗೆಯಿಂದಲೇ ಬರುತ್ತಿದ್ದ ಲೋಕದಲ್ಲಿ ಇದು ದೊಡ್ಡ ಸಾಹಸ. ಟ್ರಿಯೊ 1961ರಲ್ಲಿ ಅಲ್ಲಿ ನುಡಿಸಿದ್ದು ಮುದ್ರಿಕೆಯಾಗಿ ಉಳಿದಿದೆ. ಆ ವರ್ಷದ ಕೊನೆಗೆ ಬಾಗಿಲು ಮುಚ್ಚಿತು, ತಂಡವೂ ಚದುರಿತು. ಕ್ರಾಸ್ಬಿ ಮತ್ತು ಫೋರ್ನಿಯೇ ಜಾರ್ಜ್ ಶಿಯರಿಂಗ್ ಅವರಲ್ಲಿಗೆ ಕೆಲಸಕ್ಕೆ ಹೋದರು. 1962ರ ಜೂನ್‌ನಲ್ಲಿ ಅವರೊಡನೆ ಒಂದು ಟ್ರಿಯೊ ಮುದ್ರಿಕೆ ಮಾಡಿದರು. ಆಗಸ್ಟ್ 11ರಂದು ಕ್ರಾಸ್ಬಿ ತೀರಿಕೊಂಡರು. ವಯಸ್ಸು 43. ಜಮಾಲ್ ಮುಂದೆ ಜಮೀಲ್ ನಾಸರ್ ಎಂಬ ಇನ್ನೊಬ್ಬ ಒಳ್ಳೆಯ ಬೇಸ್ ವಾದಕರೊಡನೆ ಹೊಸ ತಂಡ ಕಟ್ಟಿದರು, 2023ರಲ್ಲಿ 92ನೇ ವಯಸ್ಸಿನಲ್ಲಿ ನಿಧನರಾದರು. ನಮ್ಮ ಜಗಳ ಜಮಾಲ್ ಅವರೊಡನೆ ಅಲ್ಲ. ತಮ್ಮ ಪಿಯಾನೊವನ್ನು ಸುಮ್ಮನಾಗಿಸಿ ಜೊತೆಗಾರರಿಗೆ ಅಷ್ಟು ಜಾಗ ಬಿಟ್ಟ ನಾಯಕರು ವಿರಳ. ನಮ್ಮ ಜಗಳ ಆ ಜಾಗವನ್ನು ನೋಡಿಯೂ ನೋಡದ ಕಣ್ಣುಗಳೊಡನೆ.

ನಮಗೆ ಎದುರು ಹೇಳುವವರ ವಾದ ಎರಡು. ಒಂದು, ನಾಯಕನಾದವನು ಕೆಲಸ ಹಿಡಿಯುತ್ತಾನೆ, ನಷ್ಟ ಹೊರುತ್ತಾನೆ, ಆದ್ದರಿಂದ ಹೆಸರು ಅವನದು. ಸರಿ, ಆ ಹೊಣೆಗಾರಿಕೆಗೆ ಹೆಚ್ಚಿನ ಪಾಲು ಕೊಡಿ. ಆದರೆ ವ್ಯವಹಾರದ ಹೊಣೆ ಹೊತ್ತದ್ದಕ್ಕೆ ಸಂಗೀತದ ಒಡೆತನವನ್ನೂ ಕೊಡುವುದೇಕೆ? ಎರಡು, ಬೇಸ್ ವಾದಕ ಬದಲಾಗುತ್ತಿರುತ್ತಾನೆ, ನಾಯಕ ಉಳಿಯುತ್ತಾನೆ. ಆಸ್ಕರ್ ಪೀಟರ್ಸನ್ ಟ್ರಿಯೊದ ಇತಿಹಾಸ ಇದಕ್ಕೆ ಉತ್ತರ. ಗಿಟಾರಿಗೆ ಬಾರ್ನಿ ಕೆಸೆಲ್ ಬಂದರು, ಹರ್ಬ್ ಎಲಿಸ್ ಬಂದರು, ಗಿಟಾರ್ ಹೋಗಿ ಎಡ್ ತಿಗ್‌ಪೆನ್ ಅವರ ಡ್ರಮ್ ಬಂತು. ರೇ ಬ್ರೌನ್ ಅವರ ಬೇಸ್ ಸುಮಾರು 15 ವರ್ಷ ಅಲ್ಲೇ ಇತ್ತು. ಉಳಿದವರ ಹೆಸರು ಹಾಕುವುದೇ ನಿಯಮವಾದರೆ ಅದು ಇಬ್ಬರ ಹೆಸರಾಗಬೇಕಿತ್ತು.

ಬೇರೆ ದಾರಿ ಇರಲಿಲ್ಲವೆಂದೂ ಹೇಳುವಂತಿಲ್ಲ. ಮಿಲ್ಟ್ ಜಾಕ್ಸನ್ ಕ್ವಾರ್ಟೆಟ್ ಎಂದು ಒಬ್ಬನ ಹೆಸರಿನಲ್ಲಿದ್ದ ತಂಡವೊಂದು 1952ರಲ್ಲಿ ಮಾಡರ್ನ್ ಜಾಝ್ ಕ್ವಾರ್ಟೆಟ್ ಎಂದು ಹೆಸರು ಬದಲಿಸಿಕೊಂಡಿತು. ಅದು ಪಾಲುದಾರರ ತಂಡವಾಗಿ ನಡೆಯಿತು. ಬೇಸ್ ವಾದಕ ಪರ್ಸಿ ಹೀತ್ ಅಲ್ಲಿ ಬಾಡಿಗೆಯವರಲ್ಲ, ಪಾಲುದಾರರು. ದಶಕಗಟ್ಟಲೆ ಆ ತಂಡ ಬಾಳಿತು. ಅದೇ ವರ್ಷ ಮಿಂಗಸ್ ತಮ್ಮ ಪತ್ನಿ ಸೀಲಿಯಾ ಮತ್ತು ಡ್ರಮ್ ವಾದಕ ಮ್ಯಾಕ್ಸ್ ರೋಚ್ ಜೊತೆ ಸೇರಿ ಡೆಬ್ಯೂ ಎಂಬ ಸ್ವಂತ ಮುದ್ರಿಕಾ ಸಂಸ್ಥೆ ಕಟ್ಟಿದರು. ಹಿಂದಿನ ಸಾಲಿನವರೆನಿಸಿಕೊಂಡ ಇಬ್ಬರು ವಾದಕರು ಮಾಲೀಕರಾಗಿ ನಿಂತರು. ಕಷ್ಟವಿತ್ತು, ಆದರೆ ಅಸಾಧ್ಯವಾಗಿರಲಿಲ್ಲ.

ಕೊನೆಯದಾಗಿ ಕೇಳುಗರಾದ ನಮ್ಮ ಪಾಲಿನ ಮಾತು. ಡಬಲ್ ಬೇಸ್‌ನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಕೈಯಲ್ಲಿರುವ ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ನಾದ ಹೊರಡಿಸುವ ತ್ರಾಣವಿಲ್ಲ. ಅದರಲ್ಲಿ ಕೇಳಿದರೆ ಬೇಸ್‌ನ ನೆರಳು ಕೇಳುತ್ತದೆ, ಬೇಸ್ ಕೇಳುವುದಿಲ್ಲ. ಹೊದಿಕೆಯಲ್ಲಿ ಹೆಸರು ಅಳಿಸಿದ ಮೇಲೆ ಈಗ ಯಂತ್ರವೇ ಅವನ ದನಿಯನ್ನೂ ಅಳಿಸುತ್ತಿದೆ. ಆದ್ದರಿಂದ ಸಂಗೀತದ ಬಗ್ಗೆ ಬರೆಯುವವರಿಗೆ ನಮ್ಮ ಒತ್ತಾಯ ಇಷ್ಟು: ಟ್ರಿಯೊ ಬಗ್ಗೆ ಬರೆದರೆ ಮೂವರ ಹೆಸರನ್ನೂ ಮೊದಲ ಸಾಲಿನಲ್ಲೇ ಬರೆಯಿರಿ. ಕಾರ್ಯಕ್ರಮ ನಡೆಸುವವರು ಮೂವರ ಹೆಸರನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಅಚ್ಚು ಹಾಕಿಸಲಿ, ಕೂಲಿಯ ಲೆಕ್ಕವನ್ನು ಮೂವರೊಡನೆಯೂ ಕೂತು ಮಾತಾಡಲಿ. ಓದುಗರು ಒಮ್ಮೆ ಒಳ್ಳೆಯ ಸ್ಪೀಕರಿನಲ್ಲೋ ಹೆಡ್‌ಫೋನಿನಲ್ಲೋ 'ಪಾಯಿನ್ಸಿಯಾನಾ' ಹಾಕಿಕೊಂಡು, ಎಂಟು ನಿಮಿಷವೂ ಪಿಯಾನೊವನ್ನು ಬಿಟ್ಟು ಕ್ರಾಸ್ಬಿಯವರನ್ನೇ ಹಿಂಬಾಲಿಸಲಿ. ಆಮೇಲೆ ಅವರನ್ನು ಪಕ್ಕವಾದ್ಯದವರು ಎಂದು ಕರೆಯಲು ಬಾಯಿ ಬಂದರೆ ಕರೆಯಲಿ.